ಏರಿಯ ಕೆಳಗಿನ ನಕ್ಷೆಯನ್ನು ನೀವೇ ಬರೆಯಿರಿ

ನಿಮ್ಮೂರ ಕೆರೆ ಏರಿ ಇವತ್ತು ರಾತ್ರಿ ಒಡೆದರೆ ನೀರು ಮೊದಲು ಯಾರ ಮನೆಗೆ ನುಗ್ಗುತ್ತದೆ? ಅಲ್ಲಿಂದ ಅಂಗನವಾಡಿಯವರೆಗೆ ಬರಲು ಅದಕ್ಕೆ ಎಷ್ಟು ಹೊತ್ತು ಬೇಕು? ಟ್ರಾನ್ಸ್‌ಫಾರ್ಮರ್ ಮುಳುಗುತ್ತದೋ ಉಳಿಯುತ್ತದೋ? ಹಾಸಿಗೆ ಹಿಡಿದ ಅಜ್ಜಿಯನ್ನು ಎತ್ತಿಕೊಂಡು ಯಾವ ದಾರಿಯಲ್ಲಿ ಓಡಬೇಕು? ನಿಮ್ಮ ಪಂಚಾಯಿತಿ ಕಚೇರಿಗೆ ಹೋಗಿ ಕೇಳಿ ನೋಡಿ. ಕೆರೆಯ ವಿಸ್ತೀರ್ಣ ಎಷ್ಟು ಎಕರೆ ಎಷ್ಟು ಗುಂಟೆ ಎಂದು ಹೇಳುತ್ತಾರೆ. ಮೀನು ಹರಾಜು ಎಷ್ಟಕ್ಕೆ ಹೋಯಿತು ಎಂದು ಹೇಳುತ್ತಾರೆ. ಹೂಳೆತ್ತಿದ ಬಿಲ್ಲೂ ಕಡತದಲ್ಲಿರುತ್ತದೆ. ಏರಿ ಒಡೆದರೆ ನೀರು ಎಲ್ಲಿಯವರೆಗೆ ಬರುತ್ತದೆ ಎಂದು ತೋರಿಸುವ ನಕ್ಷೆ ಮಾತ್ರ ಹೆಚ್ಚಿನ ಕಡೆ ಸಿಗುವುದಿಲ್ಲ.

ಆ ನಕ್ಷೆಯನ್ನು ನೀವು ಬರೆಯಬೇಕು. ಪಿಯುಸಿ ಓದುವ ಹುಡುಗಿಯರು, ಐಟಿಐ, ಡಿಪ್ಲೊಮಾ ಹುಡುಗರು, ಎಂಜಿನಿಯರಿಂಗ್ ಮುಗಿಸಿ ಊರಿಗೆ ಬಂದವರು, ಇದೇ ಮೊದಲ ಸಲ ಗೆದ್ದ ಪಂಚಾಯಿತಿ ಸದಸ್ಯರು, ನಿಮಗೇ ಹೇಳುತ್ತಿದ್ದೇನೆ. ಇದು ದೊಡ್ಡವರು ಮಾಡದೆ ಬಿಟ್ಟ ಕೆಲಸ. ನಿಮ್ಮ ಕೈಯಲ್ಲಿ ಆಗುವ ಕೆಲಸವೂ ಹೌದು.

2019ರ ನವೆಂಬರ್ 24ರ ಭಾನುವಾರ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಬಳಿಯ ಹುಳಿಮಾವು ಕೆರೆಯ ಏರಿ ಹಾಡಹಗಲೇ ಕಿತ್ತುಹೋಯಿತು. ಕೆಳಗಿನ ಬಡಾವಣೆಗಳಲ್ಲಿ ನೂರಾರು ಮನೆಗಳಿಗೆ ನೀರು ನುಗ್ಗಿತು. ಏರಿಯನ್ನು ಅಗೆದವರು ಯಾರು, ಕೆರೆ ಯಾರ ಸುಪರ್ದಿಯಲ್ಲಿತ್ತು ಎಂದು ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸಿದ್ದನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದೆವು. ಆ ವಿಚಾರಣೆ ಬೇಕೇ ಬೇಕು. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು. ಅಲ್ಲಿ ನಿವೇಶನ ಕೊಂಡವರಲ್ಲಿ, ಬಾಡಿಗೆಗೆ ಬಂದವರಲ್ಲಿ ಎಷ್ಟು ಜನರಿಗೆ ತಮ್ಮ ಮನೆ ಏರಿಯ ಬಾಯಿಗೇ ಇದೆ ಎಂಬುದು ಗೊತ್ತಿತ್ತು? ಕೆರೆ ಪಕ್ಕದ ಮನೆ ಎಂದರೆ ತಂಪು ಗಾಳಿ, ಒಳ್ಳೆಯ ನೋಟ ಎಂದಷ್ಟೇ ನಾವು ಎಣಿಸುತ್ತೇವೆ. ಏರಿಯ ಮೇಲೆ ನಿಂತು ನೀರಿನ ಕಡೆ ನೋಡುತ್ತೇವೆ. ಇನ್ನೊಂದು ಕಡೆ ತಿರುಗಿ ಕೆಳಗೆ ನೋಡುವುದೇ ಇಲ್ಲ.

ಏರಿ ಇದೆ, ಹಾಗಾಗಿ ಭಯವಿಲ್ಲ ಎಂಬ ನಂಬಿಕೆ ಎಷ್ಟು ದುಬಾರಿಯಾಗಬಲ್ಲದು ಎಂದು ತಿಳಿಯಬೇಕಾದರೆ ಬಿಹಾರದ ಕೋಸಿಯನ್ನು ನೆನೆಯಬೇಕು. ಆ ನದಿಯ ಒಡ್ಡನ್ನು ಕಟ್ಟಿದ್ದು 9.5 ಲಕ್ಷ ಕ್ಯೂಸೆಕ್ ನೀರು ತಡೆಯಲು. 2008ರ ಆಗಸ್ಟ್ 18ರಂದು ನೇಪಾಳದ ಕುಸಹಾ ಬಳಿ ಅದು ಒಡೆದಾಗ ನದಿಯಲ್ಲಿ ಹರಿಯುತ್ತಿದ್ದದ್ದು ಸುಮಾರು 1.44 ಲಕ್ಷ ಕ್ಯೂಸೆಕ್ ಮಾತ್ರ. ಅಂದರೆ ತಡೆಯಬೇಕಾದದ್ದರ ಆರನೆಯ ಒಂದು ಪಾಲಿಗೂ ಕಡಿಮೆ. ನೀರು ಒಡ್ಡಿನ ತಲೆ ಮೇಲೆ ಹಾಯಲಿಲ್ಲ. ರಿಪೇರಿ ಕಾಣದ ಒಡ್ಡೇ ಕುಸಿಯಿತು. ನದಿ ತಾನು ಹಿಂದೆಂದೋ ಬಿಟ್ಟುಹೋಗಿದ್ದ ಹಳೆಯ ಪಾತ್ರಕ್ಕೆ ಹೊರಳಿತು. ಬಿಹಾರವೊಂದರಲ್ಲೇ 30 ಲಕ್ಷಕ್ಕೂ ಹೆಚ್ಚು ಜನ ನೆರೆಗೆ ಸಿಕ್ಕರು. ಅವರಲ್ಲಿ ಎಷ್ಟೋ ಮಂದಿ ಒಡ್ಡಿನ ರಕ್ಷಣೆಯಲ್ಲಿದ್ದೇವೆ ಎಂದು ನಂಬಿ ಹೊಲ ಮಾಡಿದವರು, ಮನೆ ಕಟ್ಟಿದವರು. ಪ್ರವಾಹ ಹೇಗಿರುತ್ತದೆ ಎಂಬುದನ್ನೇ ಮರೆತ ತಲೆಮಾರು ಅದು.

ನಮ್ಮ ರಾಜ್ಯದಲ್ಲಿ ಸುಮಾರು 36 ಸಾವಿರ ಕೆರೆಗಳಿವೆ. ಪ್ರತಿ ಕೆರೆಗೂ ಒಂದು ಮಣ್ಣಿನ ಏರಿ, ಪ್ರತಿ ಏರಿಯ ಕೆಳಗೂ ಒಂದು ಅಚ್ಚುಕಟ್ಟು, ಈಗೀಗ ಆ ಅಚ್ಚುಕಟ್ಟಿನಲ್ಲೇ ಸೈಟು, ಕಲ್ಯಾಣ ಮಂಟಪ, ಶಾಲೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರ್‌ಗಿಂತ ಎತ್ತರದ ಅಣೆಕಟ್ಟುಗಳಿಗೆ, ಕೆಲವು ಷರತ್ತುಗಳ ಮೇಲೆ 10ರಿಂದ 15 ಮೀಟರ್ ಎತ್ತರದವಕ್ಕೆ ಅನ್ವಯಿಸುತ್ತದೆ. ಅಂಥವು ಒಡೆದರೆ ಏನು ಮಾಡಬೇಕು ಎಂಬ ತುರ್ತು ಯೋಜನೆ ಇರಲೇಬೇಕು ಎನ್ನುತ್ತದೆ ಆ ಕಾನೂನು. ನಮ್ಮ ಹಳ್ಳಿ ಕೆರೆಗಳ ಏರಿಗಳಲ್ಲಿ ಹೆಚ್ಚಿನವು ಅಷ್ಟು ಎತ್ತರವಿಲ್ಲ, ಹಾಗಾಗಿ ಅವು ಆ ಕಾನೂನಿನ ಕಣ್ಣಿಗೆ ಬೀಳುವುದಿಲ್ಲ. ಕೇಂದ್ರ ಜಲ ಆಯೋಗ 1975ರಲ್ಲೇ ನೆರೆ ಬಯಲುಗಳನ್ನು ವಲಯಗಳಾಗಿ ಗುರುತಿಸುವ ಮಾದರಿ ಮಸೂದೆಯನ್ನು ರಾಜ್ಯಗಳಿಗೆ ಕಳಿಸಿತ್ತು. ಅದನ್ನು ಕಾನೂನು ಮಾಡಿಕೊಂಡ ರಾಜ್ಯಗಳು ಬೆರಳೆಣಿಕೆಯಷ್ಟು. ಇನ್ನು ಅಚ್ಚುಕಟ್ಟು 40 ಹೆಕ್ಟೇರ್‌ಗಿಂತ ಕಡಿಮೆ ಇರುವ ಕೆರೆಗಳು ಪಂಚಾಯತ್ ರಾಜ್ ವ್ಯವಸ್ಥೆಯ ಪಾಲಿಗೆ ಬರುತ್ತವೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಯ ಪಾಲಿಗೆ. ಎರಡು ಪಂಚಾಯಿತಿಗಳ ಗಡಿಯಲ್ಲಿ ಕೆರೆ ಇದ್ದರಂತೂ ಏರಿ ಒಬ್ಬರದ್ದು, ಮುಳುಗುವ ಊರು ಇನ್ನೊಬ್ಬರದ್ದು.

ಈ ತೊಂದರೆ ಇಂದಿನದಲ್ಲ. ವಿಜಯನಗರದ ಮೊದಲನೆಯ ಬುಕ್ಕರಾಯನ ಮಗ ಭಾಸ್ಕರ ಭವದೂರ 1369ರಲ್ಲಿ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಬರೆಸಿದ ಶಾಸನವೊಂದಿದೆ. ಕೆರೆ ಹೇಗಿರಬೇಕು, ಹೇಗಿರಬಾರದು ಎಂಬುದನ್ನು ಅದರಲ್ಲಿ ಕಲ್ಲಿಗೆ ಕೆತ್ತಿಸಿದ್ದಾರೆ. ಕೆರೆಗೆ ಆರು ದೋಷಗಳಂತೆ. ಏರಿಯಿಂದ ನೀರು ಜಿನುಗುವುದು ಒಂದು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು ಇನ್ನೊಂದು. ಆರೂವರೆ ಶತಮಾನದ ಹಿಂದಿನ ಎಂಜಿನಿಯರುಗಳು ಮಣ್ಣಿನ ದೋಷ ಮತ್ತು ಆಡಳಿತದ ದೋಷ ಎರಡನ್ನೂ ಒಂದೇ ಪಟ್ಟಿಯಲ್ಲಿ ಬರೆದರು ಎಂಬುದನ್ನು ಓದಿದಾಗಲೆಲ್ಲ ನನಗೆ ಅವರ ಮೇಲಿನ ಗೌರವ ಇಮ್ಮಡಿಯಾಗುತ್ತದೆ. ಅವರಿಗೆ ಗೊತ್ತಿತ್ತು, ಯಾರಿಗೂ ಸೇರದ ಏರಿಯೂ ಸೋರುವ ಏರಿಯೇ.

ದುರ್ಬಲ ಒಡ್ಡಿನ ಕೆಳಗಿನ ನಕ್ಷೆ ಹೇಗಿರಬೇಕು ಎಂಬ ವಿಚಾರದಲ್ಲಿ ಅಮೆರಿಕದಲ್ಲಿ ದೊಡ್ಡ ಜಗಳವೇ ಆಗಿದೆ. ಅದರಿಂದ ನೀವು ಕಲಿಯಬೇಕಾದದ್ದು ಬಹಳ ಇದೆ. ಅಲ್ಲಿ 1968ರಿಂದ ರಾಷ್ಟ್ರೀಯ ಪ್ರವಾಹ ವಿಮೆ ಇದೆ. ಯಾವುದೇ ಒಂದು ವರ್ಷದಲ್ಲಿ ಬರುವ ಸಾಧ್ಯತೆ ಶೇ 1ರಷ್ಟಿರುವ ನೆರೆಯನ್ನು ಲೆಕ್ಕ ಹಾಕಿ, ಅದು ಮುಟ್ಟುವ ಜಾಗವನ್ನೆಲ್ಲ ಫೆಮಾ ಎಂಬ ಕೇಂದ್ರ ಸಂಸ್ಥೆ ನಕ್ಷೆಯಲ್ಲಿ ಗುರುತಿಸುತ್ತದೆ. ಶೇ 1 ಎಂದರೆ ಅಲ್ಪ ಎನಿಸಬಹುದು. 30 ವರ್ಷ ಒಂದೇ ಮನೆಯಲ್ಲಿದ್ದರೆ ಆ ನೆರೆಯನ್ನು ಒಮ್ಮೆಯಾದರೂ ನೋಡುವ ಸಾಧ್ಯತೆ ಸುಮಾರು ಶೇ 26. ನಾಲ್ಕು ಮನೆಗಳಲ್ಲಿ ಒಂದು ಎಂದಾಯಿತು. ಇನ್ನು ಒಡ್ಡಿನ ವಿಷಯ. ನೆರೆಯ ಮಟ್ಟಕ್ಕಿಂತ ಸಾಮಾನ್ಯವಾಗಿ 3 ಅಡಿ ಎತ್ತರವಿರಬೇಕು, ಬುಡದಲ್ಲಿ ಸೋರಿಕೆ ತಡೆಯಬೇಕು, ನಿರ್ವಹಣೆಗೆ ಹೊಣೆಗಾರರಿರಬೇಕು, ಹೀಗೆ ನಿಯಮಗಳಿವೆ. ಇವನ್ನೆಲ್ಲ ಪೂರೈಸಿದ ಒಡ್ಡಿದ್ದರೆ ಕೆಳಗಿನ ಊರಿಗೆ ಆ ಅಪಾಯದ ಗೆರೆ ಇಲ್ಲ. ಪೂರೈಸದಿದ್ದರೆ? ಹಿಂದೆಲ್ಲ ಒಡ್ಡೇ ಇಲ್ಲ ಎಂಬಂತೆ ನಕ್ಷೆ ಬರೆಯುತ್ತಿದ್ದರು.

ಊರುಗಳ ಆಡಳಿತಗಳು ಸಿಟ್ಟಾದವು. ನಮ್ಮ ಒಡ್ಡು ಪೂರಾ ಗಟ್ಟಿಯಲ್ಲ, ಒಪ್ಪಿದೆವು, ಆದರೆ ಅದು ಏನೂ ತಡೆಯುವುದೇ ಇಲ್ಲವೆಂದರೆ ಹೇಗೆ ಎಂದು ಕೇಳಿದವು. ನ್ಯಾಯವಾದ ಪ್ರಶ್ನೆಯೇ. 2011ರಲ್ಲಿ ಸೆನೆಟರುಗಳೂ ದನಿಗೂಡಿಸಿದರು, ಫೆಮಾ ತನ್ನ ಕ್ರಮವನ್ನು ಮರುಪರಿಶೀಲಿಸಿತು, 2013ರಲ್ಲಿ ಹೊಸ ವಿಧಾನ ಬಂತು. ಅದರ ಪ್ರಕಾರ ಒಡ್ಡನ್ನು ಒಂದೇ ತುಂಡಾಗಿ ನೋಡುವಂತಿಲ್ಲ. ಗಟ್ಟಿಯಿರುವ ಉದ್ದ ಎಷ್ಟು, ಎತ್ತರ ಸಾಲದ ಉದ್ದ ಎಷ್ಟು, ನೀರು ಮೇಲಿಂದ ಹಾಯುವುದೆಲ್ಲಿ, ಒಡೆದು ಹೋಗಬಹುದಾದ ಜಾಗ ಯಾವುದು ಎಂದು ಬಿಡಿಬಿಡಿಯಾಗಿ ಪರೀಕ್ಷಿಸಿ ನಕ್ಷೆ ಬರೆಯಬೇಕು. ಈ ಕೆಲಸದಲ್ಲಿ ಊರಿನವರ ತಂಡವೂ ಕೂರುತ್ತದೆ. ಯಾವ ಊರು ತನ್ನ ಒಡ್ಡಿನ ಅಳತೆ, ಮಣ್ಣಿನ ಪರೀಕ್ಷೆ, ಹಳೆಯ ನೆರೆಯ ದಾಖಲೆಗಳನ್ನು ತಂದಿಡುತ್ತದೋ ಆ ಊರಿನ ಮಾತಿಗೆ ತೂಕ. ಬರಿಗೈಯಲ್ಲಿ ಹೋಗಿ ಪ್ರತಿಭಟಿಸಿದರೆ ಗೆರೆ ಕದಲುವುದಿಲ್ಲ.

ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಊರಿನ ನಟೋಮಾಸ್ ಎಂಬ ತಗ್ಗು ಪ್ರದೇಶದ ಕತೆ ಇನ್ನೂ ತೀಕ್ಷ್ಣವಾದದ್ದು. ಎರಡು ನದಿಗಳ ನಡುವೆ, ಸುತ್ತಲೂ ಒಡ್ಡು ಕಟ್ಟಿಕೊಂಡು ಬೆಳೆದ ಬಡಾವಣೆ ಅದು. 1986ರ ನೆರೆಯಲ್ಲಿ ಒಡ್ಡುಗಳು ನಡುಗಿದವು. 1989ರಲ್ಲಿ ಅಲ್ಲಿನ ನಗರಾಡಳಿತವೂ ಕೌಂಟಿಗಳೂ ಸೇರಿ ಪ್ರವಾಹ ನಿಯಂತ್ರಣಕ್ಕೆಂದೇ ಒಂದು ಸ್ಥಳೀಯ ಸಂಸ್ಥೆ ಕಟ್ಟಿಕೊಂಡವು. ದುರಸ್ತಿ ಆಯಿತು, ಮನೆಗಳು ಏಳುತ್ತಲೇ ಹೋದವು. 1997ರ ನೆರೆಯ ನಂತರ ಒಡ್ಡಿನ ಬುಡದ ಆಳದಲ್ಲಿ ನೀರು ಜಿನುಗುವ ದೋಷವನ್ನು ತಜ್ಞರು ಗಂಭೀರವಾಗಿ ನೋಡತೊಡಗಿದರು. 2008ರ ಡಿಸೆಂಬರ್‌ನಲ್ಲಿ ಫೆಮಾ ಇಡೀ ಪ್ರದೇಶವನ್ನು ಅಪಾಯದ ವಲಯವೆಂದು ಹೊಸ ನಕ್ಷೆ ಹೊರಡಿಸಿತು. ಹೊಸ ಮನೆ ಕಟ್ಟುವುದು ಹೆಚ್ಚುಕಡಿಮೆ ನಿಂತೇಹೋಯಿತು. ಅಷ್ಟರಲ್ಲಾಗಲೇ ಒಡ್ಡನ್ನು ಬಲಪಡಿಸಲು ತಮ್ಮ ಆಸ್ತಿಯ ಮೇಲೆ ತಾವೇ ಶುಲ್ಕ ಹಾಕಿಕೊಳ್ಳಲು ಅಲ್ಲಿನ ಆಸ್ತಿದಾರರು 2007ರಲ್ಲಿ ಮತ ಹಾಕಿದ್ದರು. ಕೇಂದ್ರದ ಹಣಕ್ಕೆ ಕಾಯದೆ ಸ್ಥಳೀಯ ಸಂಸ್ಥೆ ಸುಮಾರು 18 ಮೈಲಿ ಒಡ್ಡನ್ನು ಸರಿಪಡಿಸಿತು. ಮತ್ತೆ ಮನೆ ಕಟ್ಟಲು ಅವಕಾಶ ಸಿಕ್ಕಿದ್ದು 2015ರಲ್ಲಿ. ಆರೂವರೆ ವರ್ಷ ಆ ನಕ್ಷೆ ಊರಿನ ಬೆಳವಣಿಗೆಯನ್ನು ತಡೆದು ನಿಲ್ಲಿಸಿತು. ನಷ್ಟವಾಗಲಿಲ್ಲವೇ? ಆಯಿತು. ಆದರೂ ನಾನು ಆ ನಕ್ಷೆಯ ಪರ. ಸತ್ಯ ಹೇಳುವ ನಕ್ಷೆ ಇಲ್ಲದಿದ್ದರೆ ಇನ್ನಷ್ಟು ಸಾವಿರ ಕುಟುಂಬಗಳು ಸೋರುವ ಒಡ್ಡಿನ ಕೆಳಗೆ ಸಾಲ ಮಾಡಿ ಮನೆ ಕಟ್ಟಿಕೊಂಡಿರುತ್ತಿದ್ದವು.

ಈಗ ನಿಮ್ಮ ಕೆರೆಗೆ ಬನ್ನಿ. ಕೋಟಿ ಬೆಲೆಯ ಯಂತ್ರ ಬೇಡ. ಗಾರೆ ಕೆಲಸದವರ ಹತ್ತಿರ ನೀರು ತುಂಬಿದ ಪಾರದರ್ಶಕ ಪೈಪು ಇರುತ್ತದಲ್ಲ, ಪಾಯದ ಮಟ್ಟ ನೋಡುವ ಟ್ಯೂಬ್ ಲೆವೆಲ್, ಅದನ್ನು ಒಂದು ದಿನದ ಮಟ್ಟಿಗೆ ಕೇಳಿ ತನ್ನಿ. ಪೈಪಿನ ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಕೋಡಿಯ ಕಲ್ಲಿನಿಂದ ಶುರು ಮಾಡಿ. ಒಬ್ಬರು ಕೋಡಿಯಲ್ಲಿ ಒಂದು ತುದಿ ಹಿಡಿಯಿರಿ, ಇನ್ನೊಬ್ಬರು ಏರಿಯುದ್ದಕ್ಕೆ ಸಾಗಿ ಗೂಟ ನೆಟ್ಟು ಸುಣ್ಣದಲ್ಲಿ ಗುರುತು ಹಾಕಿ. ಆ ಗುರುತಿನಿಂದ ಮುಂದಿನ ಗೂಟಕ್ಕೆ. ಹೀಗೆ ಕೋಡಿಯ ಮಟ್ಟವನ್ನು ಏರಿಯ ಆ ಕೊನೆಯವರೆಗೆ ಒಯ್ದರೆ, ಪ್ರತಿ ಗೂಟದ ಬಳಿ ಏರಿಯ ತಲೆ ಆ ಮಟ್ಟಕ್ಕಿಂತ ಎಷ್ಟು ಮೇಲಿದೆ ಎಂದು ಟೇಪಿನಲ್ಲೇ ಅಳೆಯಬಹುದು. ಟ್ರ್ಯಾಕ್ಟರ್ ಓಡಾಡಿ ಸವೆದ ಜಾಗ, ದನ ಇಳಿದಿಳಿದು ಕುಸಿದ ಜಾಗ ಆಗ ಕೈಗೆ ಸಿಗುತ್ತದೆ. ಕೋಡಿ ತುಂಬಿ ಹರಿಯುವಾಗ ನೀರಿಗೆ ಇನ್ನೊಂದು ದಾರಿ ಅಲ್ಲಿಂದಲೇ. ಕೋಡಿಯನ್ನೂ ಚೆನ್ನಾಗಿ ನೋಡಿ. ಇನ್ನೊಂದಿಷ್ಟು ನೀರು ನಿಲ್ಲಲಿ ಎಂದು ಯಾರೋ ಅಡ್ಡಲಾಗಿ ಮರಳು ಚೀಲ ಪೇರಿಸಿದ್ದಾರೆಯೇ? ಮೀನು ಹೋಗದಿರಲೆಂದು ಬಲೆ ಕಟ್ಟಿ, ಅದಕ್ಕೆ ಕಸ ಸಿಕ್ಕಿಕೊಂಡಿದೆಯೇ? ಕೋಡಿ ಮುಚ್ಚಿದರೆ ಆ ಭಾರವೆಲ್ಲ ಏರಿಯ ಮೇಲೆ.

ಆಮೇಲೆ ಏರಿಯ ಹೊರಗಿನ ಬುಡದಲ್ಲಿ ನಿಧಾನವಾಗಿ ನಡೆಯಿರಿ. ಕೆರೆ ತುಂಬಿದ ಕಾಲದಲ್ಲೇ ನಡೆಯಬೇಕು. ಹುಲ್ಲು ಸುತ್ತಲಿಗಿಂತ ಹೆಚ್ಚು ಹಸಿರಾಗಿರುವ ಕಡೆ ನಿಲ್ಲಿ. ಅಲ್ಲಿ ನೀರು ಜಿನುಗುತ್ತಿದ್ದರೆ ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿ. ನೀರು ತಿಳಿಯಾಗಿದ್ದರೆ ಬರೆದಿಟ್ಟುಕೊಳ್ಳಿ, ವಾರ ಬಿಟ್ಟು ಮತ್ತೆ ನೋಡಿ. ಲೋಟದ ತಳದಲ್ಲಿ ಮಣ್ಣು ಕೂತರೆ ನೀರು ಏರಿಯ ಹೊಟ್ಟೆಯೊಳಗಿನ ಮಣ್ಣನ್ನು ಹೊತ್ತು ತರುತ್ತಿದೆ ಎಂದರ್ಥ. ಅದು ವಾರಕ್ಕೆ ಬಿಡುವ ಮಾತಲ್ಲ. ಆ ದಿನವೇ ಪಿಡಿಒ ಅವರಿಗೆ, ಎಂಜಿನಿಯರಿಗೆ ಫೋಟೊ ಸಮೇತ ಬರೆದು ತಿಳಿಸಬೇಕು. ತೂಬಿನ ಸುತ್ತ, ಇಲಿ ಏಡಿಗಳು ಕೊರೆದ ಬಿಲಗಳ ಸುತ್ತ, ದೊಡ್ಡ ಮರದ ಬೇರು ಏರಿಗಿಳಿದ ಕಡೆ ಇದನ್ನೇ ಮಾಡಿ. ಹಿಂದೆ ನೀರುಗಂಟಿಗಳು ದಿನಾ ಮಾಡುತ್ತಿದ್ದ ಕೆಲಸ ಇದು. ಆ ಕಣ್ಣು ಊರಿಗೆ ಈಗ ಮತ್ತೆ ಬೇಕಾಗಿದೆ.

ಇಷ್ಟಾದರೆ ದುರ್ಬಲ ಜಾಗಗಳು ತಿಳಿದವು. ಕೆಳಗೆ ನೀರು ಹೋಗುವ ದಾರಿ? ಕಂದಾಯ ಇಲಾಖೆಯ ಹಳೆಯ ಗ್ರಾಮ ನಕ್ಷೆಯಲ್ಲಿ ಹಳ್ಳ, ಕಾಲುವೆ, ಖರಾಬು ಎಲ್ಲ ಗೆರೆಗೆರೆಯಾಗಿ ಇವೆ. ದಿಶಾಂಕ್ ಆ್ಯಪ್ ತೆರೆದರೆ ನೀವು ನಿಂತ ಜಾಗದ ಸರ್ವೆ ನಂಬರು ಬರುತ್ತದೆ. ಎರಡನ್ನೂ ಹಿಡಿದು ಏರಿಯ ದುರ್ಬಲ ಜಾಗದಿಂದ ಕೆಳಗೆ ನಡೆದುಕೊಂಡೇ ಹೋಗಿ. ನಕ್ಷೆಯಲ್ಲಿ ಹಳ್ಳ ಇದ್ದು ನೆಲದ ಮೇಲೆ ಕಾಂಪೌಂಡ್ ಗೋಡೆ ಇದ್ದರೆ, ನೀರು ಆ ಗೋಡೆಗೆ ಬಡಿದು ಎಡಕ್ಕೋ ಬಲಕ್ಕೋ ತಿರುಗುತ್ತದೆ. ಎತ್ತ ಎಂದು ಪೈಪಿನಲ್ಲಿ ಮಟ್ಟ ಹಿಡಿದು ನೋಡಿ. ಕಂಪ್ಯೂಟರ್ ಬಲ್ಲವರು ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದಲ್ಲಿ ಇದನ್ನೆಲ್ಲ ಕೂರಿಸಿ. ಉಪಗ್ರಹದಿಂದ ಸಿಗುವ ಎತ್ತರದ ಮಾಹಿತಿಯನ್ನು ಮಾತ್ರ ಕಣ್ಣು ಮುಚ್ಚಿ ನಂಬಬೇಡಿ. ಅದು ಕೆಲವು ಮೀಟರ್ ಆಚೀಚೆ ಇರಬಹುದು, ಅಚ್ಚುಕಟ್ಟಿನ ಸಪಾಟು ನೆಲದಲ್ಲಿ ಒಂದು ಮೀಟರ್ ತಪ್ಪಿದರೂ ಒಂದು ಇಡೀ ಕೇರಿ ಮುಳುಗುವ ಪಟ್ಟಿಯಿಂದ ಹೊರಗೆ ಬೀಳುತ್ತದೆ. ಮೇಲೆ ಇನ್ನೊಂದು ಕೆರೆ ಇದೆಯೇ ಎಂದು ಮರೆಯದೆ ನೋಡಿ. ನಮ್ಮ ಕೆರೆಗಳು ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಸರಣಿಯಾಗಿ ಕಟ್ಟಿದವು. ಮೇಲಿನದು ಒಡೆದರೆ ಕೆಳಗಿನದು ಉಳಿಯುವ ಭರವಸೆ ಇಲ್ಲ. ನಿಮ್ಮ ನಕ್ಷೆ ಪಂಚಾಯಿತಿಯ ಗಡಿಗೆ ನಿಲ್ಲಬಾರದು, ನೀರಿನ ಜೊತೆ ಮುಂದಿನ ಊರಿಗೆ ಹೋಗಬೇಕು. ಆ ಊರಿನ ಹುಡುಗರನ್ನೂ ಕರೆದುಕೊಳ್ಳಿ. ಕೊನೆಯಲ್ಲಿ ಹತ್ತಿರದ ಪಾಲಿಟೆಕ್ನಿಕ್ ಅಥವಾ ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ಮೇಷ್ಟರಿಂದ ಪರಿಶೀಲನೆ ಮಾಡಿಸಿ.

ಹೊಳೆ ದಂಡೆಯ ಊರಿನವರಿಗೆ ಕೆಲಸ ಅರ್ಧ ಆಗಿಯೇ ಇದೆ. ಮಲಪ್ರಭೆಯ ದಂಡೆಯಲ್ಲಿ 2009ರಲ್ಲಿ ನೆರೆ, ಮತ್ತೆ 2019ರಲ್ಲಿ. ನವಿಲುತೀರ್ಥದ ಜಲಾಶಯದಿಂದ ನೀರು ಬಿಟ್ಟಾಗ ಕೊಣ್ಣೂರು, ಲಖಮಾಪುರದಂಥ ಊರುಗಳು ಹೇಗಾದವು ಎಂದು ನಾಡಿಗೇ ಗೊತ್ತು. ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ಹೊಳೆ ಬಂತು. ಇಂಥ ಊರುಗಳಲ್ಲಿ ನೀರು ಎಲ್ಲಿಗೆ ಬಂದಿತ್ತು ಎಂದು ಹಿರಿಯರು ಗೋಡೆ ಮುಟ್ಟಿ ತೋರಿಸುತ್ತಾರೆ. ಆ ಒಂದೊಂದು ಗುರುತನ್ನೂ ಮೊಬೈಲಿನಲ್ಲಿ ಜಾಗದ ಸಮೇತ ದಾಖಲಿಸಿ. ಹೇಳಿದವರ ವಯಸ್ಸು, ವರ್ಷ, ನೆಲದಿಂದ ಎಷ್ಟು ಅಡಿ ಎಂದು ಬರೆದುಕೊಳ್ಳಿ. ಆ ಹಿರಿಯರ ನಂತರ ಈ ಲೆಕ್ಕ ಎಲ್ಲೂ ಸಿಗುವುದಿಲ್ಲ.

ನಿಮ್ಮನ್ನು ವಿರೋಧಿಸುವವರು ಇದ್ದೇ ಇರುತ್ತಾರೆ. ಜಮೀನಿನ ಬೆಲೆ ಬೀಳುತ್ತದೆ ಎನ್ನುತ್ತಾರೆ, ಊರಿಗೆ ಕೆಟ್ಟ ಹೆಸರು ಎನ್ನುತ್ತಾರೆ, ಲೇಔಟ್ ಮಾಡಿದವರು ಮನೆಗೇ ಬಂದು ಅಪ್ಪನಿಗೆ ಬುದ್ಧಿ ಹೇಳಿ ಹೋಗುತ್ತಾರೆ. ಅವರಿಗೆ ನಟೋಮಾಸ್‌ನ ಕತೆ ಹೇಳಿ. ಆದರೆ ಒಂದು ಕಡೆ ನೀವು ಬಹಳ ಎಚ್ಚರವಾಗಿರಬೇಕು. ಏರಿಯ ಕೆಳಗೆ, ಹಳ್ಳದ ಪಕ್ಕದಲ್ಲಿ ವಾಸಿಸುವವರು ಎಷ್ಟೋ ಊರುಗಳಲ್ಲಿ ಬೇರೆಲ್ಲೂ ಜಾಗ ಸಿಗದ ಬಡವರು, ದಲಿತ ಕೇರಿಯವರು. ನಿಮ್ಮ ನಕ್ಷೆ ಅವರ ಮನೆ ಮುಂದೆ ಜೆಸಿಬಿ ತಂದು ನಿಲ್ಲಿಸುವ ನೆಪವಾಗಬಾರದು. ನಕ್ಷೆಯ ಮೊದಲ ಬೇಡಿಕೆ ಏರಿಯ ದುರಸ್ತಿ. ಎರಡನೆಯದು ಅವರು ಓಡಲು ದಾರಿ, ಎಚ್ಚರಿಸಲು ಮೈಕು. ಹೊಸ ಮನೆಗಳಿಗೆ ಅಲ್ಲಿ ಲೈಸೆನ್ಸ್ ಬೇಡ ಎಂಬುದು ಆಮೇಲಿನ ಮಾತು. 2009ರ ನೆರೆಯ ನಂತರ ಕಟ್ಟಿದ ಆಸರೆ ಮನೆಗಳಲ್ಲಿ ಹಲವು ಖಾಲಿ ಬಿದ್ದಿದ್ದೇಕೆ? ಹೊಲಕ್ಕೆ ದೂರ, ದನ ಕಟ್ಟಲು ಜಾಗವಿಲ್ಲ ಎಂದು ಜನ ಹಳೆಯ ಊರಿಗೇ ಮರಳಿದರು. ಮುಳುಗುವವರನ್ನು ಕೂರಿಸಿಕೊಂಡು ಬರೆಯದ ಯೋಜನೆ ಎಷ್ಟೇ ದೊಡ್ಡದಾದರೂ ನಿಲ್ಲುವುದಿಲ್ಲ. ಆ ಕೇರಿಯ ಹುಡುಗ ಹುಡುಗಿಯರೇ ನಿಮ್ಮ ತಂಡದ ಮುಂದಾಳುಗಳಾಗಲಿ.

18 ತುಂಬಿದ್ದರೆ, ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ನೀವು ಗ್ರಾಮಸಭೆಯ ಸದಸ್ಯರು. 21 ಆದವರು ಪಂಚಾಯಿತಿ ಚುನಾವಣೆಗೆ ನಿಲ್ಲಬಹುದು, ನಿಲ್ಲಿ. ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಸಣ್ಣ ನೀರಾವರಿ, ನೀರಿನ ನಿರ್ವಹಣೆ ಎರಡೂ ಪಂಚಾಯಿತಿಗೆ ವಹಿಸಬಹುದಾದ ವಿಷಯಗಳ ಪಟ್ಟಿಯಲ್ಲಿವೆ. ಮನೆ ಕಟ್ಟಲು ಲೈಸೆನ್ಸ್ ಕೊಡುವುದೂ ಆ ಕಚೇರಿಯೇ, ಬೀದಿ ದೀಪ ಹಾಕುವುದೂ ಆ ಕಚೇರಿಯೇ. ಹಾಗಾಗಿ ನಕ್ಷೆ ಅಲ್ಲಿಯ ಗೋಡೆಯ ಮೇಲಿರಬೇಕು, ಎಲ್ಲರಿಗೂ ಕಾಣುವ ಹಾಗೆ.

ಮುಂಗಾರಿಗೆ ಮುಂಚಿನ ಗ್ರಾಮಸಭೆಯ ದಿನಾಂಕ ಈಗಲೇ ಕೇಳಿಕೊಳ್ಳಿ. ನಕ್ಷೆಯನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಸಭೆಯಲ್ಲಿ ಬಿಡಿಸಿ ತೋರಿಸಿ, ಯಾವ ಗೂಟದ ಬಳಿ ಏರಿ ತಗ್ಗಿದೆ, ಯಾವ ಮನೆಗಳಿಗೆ ನೀರು ಮೊದಲು ಬರುತ್ತದೆ ಎಂದು ಬೆರಳಿಟ್ಟು ಹೇಳಿ. ಏರಿಯ ದುರಸ್ತಿಯನ್ನು ‘ನಮ್ಮ ಗ್ರಾಮ ನಮ್ಮ ಯೋಜನೆ’ಯಲ್ಲಿ ಸೇರಿಸಬೇಕೆಂದು, ಇಲಾಖೆಯ ಎಂಜಿನಿಯರರು ಬಂದು ಕೆರೆ ನೋಡಬೇಕೆಂದು, ಆ ಗೆರೆಯೊಳಗೆ ಲೈಸೆನ್ಸ್ ಕೊಡುವ ಮುಂಚೆ ಈ ನಕ್ಷೆ ನೋಡಲೇಬೇಕೆಂದು ನಿರ್ಣಯ ಮಾಡಿಸಿ. ಸಭೆ ಮುಗಿಯುವ ಮುಂಚೆ ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಗಟ್ಟಿಯಾಗಿ ಓದಿಸಿ, ಸಹಿ ಹಾಕಿಸಿ, ನಕಲು ಪ್ರತಿಗೆ ಅಲ್ಲೇ ಅರ್ಜಿ ಕೊಟ್ಟು ಬನ್ನಿ.